ಅಣ್ಣನ ಕಿವಿಯ ಸೀಟಿ

ಓದಿ ಮುಗಿಸಿದ ಮೇಲೆ ನೀವು ನನ್ನನ್ನು ಬೈದರೂ ಪರವಾಗಿಲ್ಲ... ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಹೇಸಿಗೆ ಆಗುತ್ತಿದೆ.

ನನ್ನ ಅಣ್ಣ ಗುರುಪಾದಪ್ಪ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತು ವರ್ಷ ಸೀರೆ ನೇಯ್ದವನು.

ಹೋದ ವರ್ಷ ಅವನ ಎರಡೂ ಕಿವಿಯಲ್ಲಿ ಸೀಟಿ ಹೊಡೆದಂಥ ಸದ್ದು ಶುರುವಾಯಿತು... ಅದರ ಹಿಂದೆಯೇ ನಿದ್ದೆಯೂ ಹೋಯಿತು.

ಒಂದು ಮಧ್ಯಾಹ್ನ ತೂಕಡಿಸಿ, ಓಡುವ ಮಗ್ಗದೊಳಗೆ ಕೈ ಸಿಕ್ಕಿಸಿಕೊಳ್ಳುವುದರಲ್ಲಿದ್ದ. "ಇನ್ನೊಮ್ಮೆ ಹಿಂಗಾದ್ರ ಕೆಲಸಕ್ಕ ಬರಬ್ಯಾಡ," ಎಂದುಬಿಟ್ಟರು ಮಾಲೀಕರು.

ಕಿವಿ ಡಾಕ್ಟರು ಪರೀಕ್ಷೆ ಮಾಡಿದರು. "ಸಪ್ಪಳ ಪೂರ್ತಿ ಹೋಗಲಿಕ್ಕಿಲ್ಲ, ಆದ್ರ ನಿದ್ದಿ ಬರೂಹಂಗ ಮಾಡಬಹುದು," ಎಂದು ಮನಶ್ಶಾಸ್ತ್ರಜ್ಞೆಯೊಬ್ಬರ ಹೆಸರು ಬರೆದುಕೊಟ್ಟರು.

"ಕಿವಿ ಬ್ಯಾನಿಗೆ ಹುಚ್ಚರ ಡಾಕ್ಟರ?" ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಹೀಗೆ ಬರೆದವನು ನಾನೇ... ಥೂ!

ಅಷ್ಟಕ್ಕೇ ಬಿಡಲಿಲ್ಲ. ಬೆಳ್ಳುಳ್ಳಿ ಎಣ್ಣೆ, ಈರುಳ್ಳಿ ರಸ ಅಂತ ದಿನಕ್ಕೆ ನಾಲ್ಕು ವಿಡಿಯೋ ಕಳಿಸಿದೆ. ಒಂದನ್ನಾದರೂ ನಾನು ಪೂರ್ತಿ ನೋಡಿದವನಲ್ಲ.

ಬಿಸಿ ಎಣ್ಣೆ ಬಿಟ್ಟುಕೊಂಡು ಅಣ್ಣನ ಕಿವಿಯಲ್ಲಿ ಹುಣ್ಣಾಯಿತು, ಕೀವು ಸೋರಿತು. ಆ ನಾತದ ಪಕ್ಕದಲ್ಲೇ ಕೂತು, "ಇನ್ನೊಂದ್ ಔಷಧ ಐತಿ," ಎಂದೆ. ಎಂಥಾ ನಾಚಿಕೆಗೆಟ್ಟ ಬಾಯಿ ನನ್ನದು!

ಕೊನೆಗೆ, ಕಿವಿ ಡಾಕ್ಟರ ಔಷಧಿಯಿಂದ ಹುಣ್ಣು ಮಾಯ್ದ ಮೇಲೆ, ಅತ್ತಿಗೆ ನೀಲವ್ವ ಹಟ ಹಿಡಿದು ಅಣ್ಣನನ್ನು ಆ ಮನಶ್ಶಾಸ್ತ್ರಜ್ಞೆಯ ಹತ್ತಿರ ಕರೆದುಕೊಂಡು ಹೊರಟರು. ಆ ಮೇಡಮ್ ಏನು ಮಂಕುಬೂದಿ ಎರಚುತ್ತಾರೋ ನೋಡೋಣ ಎಂದು ನಾನೂ ಹೋದೆ.

ಮೇಡಮ್ ಕೇಳಿದರು... "ಹಾಸಿಗ್ಯಾಗ ಮಲಗಿದಾಗ ಆ ಸಪ್ಪಳ ಕೇಳಿದ ಕೂಡಲೇ ಮನಸಿನ್ಯಾಗ ಏನ್ ಬರತೈತ್ರಿ?"

ಅಣ್ಣ ತಲೆ ತಗ್ಗಿಸಿದ. "ಮಿದುಳು ಸಾಯಾಕತ್ತೇತಿ... ಹುಚ್ಚ ಹಿಡದ್ ಸಾಯ್ತೀನಿ ಅನಸ್ತೈತ್ರಿ."

"ಯಾರ್ ಹೇಳಿದ್ರು?"

ಅವನು ಫೋನ್ ತೆಗೆದು ತೋರಿಸಿದ... ನಾನು ಕಳಿಸಿದ ಮೆಸೇಜ್! "ಕಿವಿಯಲ್ಲಿ ಸದ್ದೇ? ಎಚ್ಚರ! ನಿಮ್ಮ ಮಿದುಳು ಸಾಯುತ್ತಿದೆ. ಹತ್ತು ಜನರಿಗೆ ಕಳಿಸಿ."

"ನನ್ನ ತಮ್ಮ ಕಲತಾಂವ್ರೀ ಮೇಡಮ್... ಸುಳ್ಳ ಕಳಸೂದಿಲ್ಲ."

ಕೂತಲ್ಲೇ ಅತ್ತುಬಿಟ್ಟೆ...

"ನಿಮ್ ನಿದ್ದಿ ಕೆಡಿಸಿದ್ದು ಬರೇ ಸಪ್ಪಳ ಅಲ್ರೀ, ಅದರ ಅಂಜಿಕಿ," ಎಂದರು ಮೇಡಮ್.

ಅಣ್ಣನಿಗೆ ಮೇಡಮ್ ಕಟ್ಟುಪಾಡು ಹಾಕಿದರು: ನಿದ್ದೆ ಬಂದಾಗಷ್ಟೇ ಹಾಸಿಗೆ. ಬರದಿದ್ದರೆ ಎದ್ದು ಕೂರಬೇಕು. ಎಷ್ಟೊತ್ತಿಗೆ ಮಲಗಿದರೂ ಐದೂವರೆಗೆ ಏಳಬೇಕು. ಹೆದರಿಕೆಯ ಯೋಚನೆ ಬಂದರೆ ಹಾಳೆಯಲ್ಲಿ ಬರೆದು, ಇದು ನಿಜವೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಸುಧಾರಿಸುವವರೆಗೆ ಮಗ್ಗದ ಹತ್ತಿರ ಹೋಗುವಂತಿಲ್ಲ.

ಮೊದಲ ವಾರ ನಿದ್ದೆ ಇನ್ನೂ ಕಡಿಮೆಯಾಗಿ ಅಣ್ಣ ಇನ್ನಷ್ಟು ಸೋತ. ಮತ್ತೆ ಮತ್ತೆ ಮೇಡಮ್ ಹತ್ತಿರ ಹೋದ. ಈ ಸಲ ನಾನು ಒಂದೂ ವಿಡಿಯೋ ಕಳಿಸಲಿಲ್ಲ.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ, ಮಗ್ಗಕ್ಕೆ ಹೊರಟವನು ನನ್ನ ಮನೆಗೆ ಬಂದ. "ಸಪ್ಪಳ ಇನ್ನೂ ಐತಿ ತಮ್ಮಾ... ಅಂಜಿಕಿ ಹೋತು. ನಿನ್ನೆ ಬೆಳತನಾ ಮಲಗಿದ್ದೆ," ಎಂದು ನನ್ನ ಹೆಗಲ ಮೇಲೆ ಕೈ ಇಟ್ಟ.

ಒಂದು ಮಾತೂ ಬೈಯಲಿಲ್ಲ... ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾಯಿಲೆ ಕೊಡುವ ಕಾಟಕ್ಕಿಂತ, ನಮ್ಮವರೇ ತಿಳಿಯದೆ ತುಂಬುವ ಭಯ ದೊಡ್ಡದು.

ಇವತ್ತು ನೀವು ಓದದೇ ಕಳಿಸಿದ ಮೆಸೇಜನ್ನು, ನಿಮ್ಮನ್ನು ನಂಬಿದ ಯಾರು ಓದುತ್ತಾ ಕೂತಿದ್ದಾರೋ...?