ಲೆಕ್ಕದ ಮಾಮನ ಪರೀಕ್ಷೆ

"ನಾಲ್ಕು ತಪ್ಪು ಸಿಕ್ಕಿದವು ಮೇಡಂ," ಎಂದು ಕೆಲಸ ಕೇಳಿ ಬಂದ ಹುಡುಗಿ ಲೆಕ್ಕದ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

ಕಾರ್ಖಾನೆಯ ಯಜಮಾನ್ತಿ ತಟ್ಟನೆ ತಲೆಯೆತ್ತಿದಳು. ಇರಬೇಕಾದದ್ದು ಒಂದೇ ಒಂದು.

ಅದು ಲೆಕ್ಕದ ಮಾಮನ ಉಪಾಯ. ಈ ಪುಟ್ಟ ರಟ್ಟಿನ ಡಬ್ಬಿ ಕಾರ್ಖಾನೆಯನ್ನು ಅವಳ ಅಪ್ಪ ಶುರುಮಾಡಿದ ದಿನದಿಂದ, ಮೂವತ್ತೊಂದು ವರ್ಷ, ಲೆಕ್ಕ ಬರೆದು ತೆರಿಗೆ ಕಟ್ಟಿಸಿದವರು ಅವರು. ಮಂಡಿನೋವು, ಇನ್ನು ಮೆಟ್ಟಿಲು ಹತ್ತಲಾರೆ ಎಂದು ಈಗ ಬಿಡುತ್ತಿದ್ದರು. ಸುಮ್ಮನೆ ಬಿಟ್ಟು ಹೋಗುವ ಜಾತಿಯೇ ಅದು? ತಮ್ಮ ಜಾಗಕ್ಕೆ ತಕ್ಕವರನ್ನು ಹುಡುಕಿಕೊಟ್ಟೇ ಹೋಗುವ ಹಟ. ಕಳೆದ ವರ್ಷದ ಪುಸ್ತಕದ ಜೆರಾಕ್ಸ್ ತೆಗೆಸಿ, ಅದರಲ್ಲಿ ಒಂದು ಖರೀದಿ ಬಿಲ್ಲನ್ನು ಬೇಕೆಂದೇ ಎರಡು ಸಲ ಸೇರಿಸಿ, ಮೊತ್ತವನ್ನೂ ಸರಿಹೊಂದಿಸಿ ಇಟ್ಟಿದ್ದರು. "ಸರ್ಟಿಫಿಕೇಟು ನೋಡಿ ಮರುಳಾಗಬೇಡ ಪುಟ್ಟಿ. ಇದನ್ನ ಹಿಡಿದವರಿಗೆ ಕೆಲಸ ಕೊಡು. ಹಿಡಿಯದವರಿಗೆ ಟೀ ಕೊಟ್ಟು ಕಳಿಸು," ಎಂದಿದ್ದರು. ನಲವತ್ತು ದಾಟಿದ ಯಜಮಾನ್ತಿ ಅವರ ಪಾಲಿಗೆ ಇನ್ನೂ ಪುಟ್ಟಿಯೇ.

ಮೊದಲು ಬಂದವನು ಹಾಳೆ ಮುಟ್ಟಲೇ ಇಲ್ಲ. "ಬಿಲ್ಲಿನ ಫೋಟೋ ಕಳಿಸ್ತಾ ಇರಿ, ಉಳಿದದ್ದು ನಮ್ಮ ಕಂಪ್ಯೂಟರ್ ನೋಡ್ಕೊಳ್ಳತ್ತೆ," ಎಂದ. ಎರಡನೆಯವನು ನಾಲ್ಕು ಪುಟ ತಿರುವಿ, "ಅಯ್ಯೋ, ಇಷ್ಟು ತೆರಿಗೆ ಯಾರಾದ್ರೂ ಕಟ್ತಾರಾ? ಅರ್ಧಕ್ಕೆ ಇಳಿಸ್ತೀನಿ, ನೀವು ಕಣ್ಣುಮುಚ್ಚಿ ಸೈನ್ ಹಾಕಿ," ಎಂದ. ಇಬ್ಬರಿಗೂ ಟೀ ಆಯಿತು. ಈ ಹುಡುಗಿ ಮಾತ್ರ ಬಿಲ್ಲುಗಳ ಕಟ್ಟನ್ನೂ ಕೇಳಿ ಇಸಿದುಕೊಂಡು, ಎರಡು ದಿನ ಮೂಲೆಯ ಬೆಂಚು ಬಿಟ್ಟು ಏಳಲಿಲ್ಲ.

"ಒಂದು ಖರೀದಿ ಎರಡು ಸಲ ಬಿದ್ದಿದೆ," ಎಂದು ಅವಳು ಪೆನ್ಸಿಲ್ ಗುರುತು ತೋರಿಸಿದಳು. "ಇಲ್ಲಿ ಅರವತ್ತಮೂರು ಸಾವಿರದ ಮಾರಾಟ ಮೂವತ್ತಾರು ಅಂತಾಗಿದೆ. ಗಿರಾಕಿಗಳಿಂದ ವಸೂಲಿ ಮಾಡಿದ ತೆರಿಗೆ ಎರಡು ಕಡೆ ಬಿಟ್ಟೇ ಹೋಗಿದೆ. ನಾವೇ ತಿದ್ದಿ ಕಟ್ಟಿದ್ರೆ ಸ್ವಲ್ಪ ದಂಡದಲ್ಲಿ ಮುಗಿಯತ್ತೆ. ತೆರಿಗೆ ಇಲಾಖೆಯವರಾಗೇ ಹಿಡಿದ್ರೆ ಕಳ್ಳಲೆಕ್ಕ ಅಂತಾರೆ."

ಲೆಕ್ಕದ ಮಾಮ ಕೆಳಗೆ, ರಟ್ಟು ಕತ್ತರಿಸುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕಾಯುತ್ತಿದ್ದರು. ನನ್ನ ಪುಸ್ತಕದಲ್ಲಿ ಒಂದು ತಪ್ಪು ತೋರಿಸಲಿ ನೋಡೋಣ ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದ ಮನುಷ್ಯ. ಅವರಿಗೆ ಇದ್ದ ಆಸ್ತಿ ಅದೊಂದೇ. ಈ ವರ್ಷ ಎರಡು ಸಲ ಯಜಮಾನ್ತಿಯನ್ನು ಅವಳ ಅಮ್ಮನ ಹೆಸರು ಹಿಡಿದು ಕರೆದಿದ್ದರು. ವಯಸ್ಸಾಯಿತು ಎಂದು ಅವಳು ನಕ್ಕು ಸುಮ್ಮನಾಗಿದ್ದಳು. ಈಗ ಅದು ನೆನಪಾಗಿ ಹುಡುಗಿಯ ಹತ್ತಿರ ಬಾಗಿದಳು.

"ಮಾಮನಿಗೆ ಹೇಳಬೇಡಮ್ಮ, ನಿನಗೆ ಕೈ ಮುಗೀತೀನಿ. ಆ ಎರಡು ಸಲ ಬಿದ್ದ ಬಿಲ್ಲು ಮಾತ್ರ ಸಿಕ್ಕಿತು ಅನ್ನೋಣ."

"ಅವರಿಗೆ ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು. ಆದ್ರೆ ಸರ್ಕಾರಕ್ಕೆ ಕೊಟ್ಟಿರೋ ಲೆಕ್ಕ ತಿದ್ದಲೇಬೇಕು. ತಿದ್ದಬೇಡ ಅಂದ್ರೆ ಈ ಕೆಲಸ ನನಗೆ ಬೇಡ ಮೇಡಂ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತಾ ಮಾಮ ಬಾಗಿಲಲ್ಲಿ ನಿಂತಿದ್ದರು.

"ಏನಾಯ್ತು? ಸಿಕ್ಕಿತಾ?"

"ಸಿಕ್ಕಿತು ಮಾಮ! ಆ ಬಿಲ್ಲು ಹಿಡಿದೇಬಿಟ್ಟಳು."

"ಭೇಷ್!" ಎಂದು ಮಾಮ ಹುಡುಗಿಯ ಕಡೆ ತಿರುಗಿದರು. "ಅಷ್ಟೇನಾ?"

ಹುಡುಗಿ ತಲೆ ತಗ್ಗಿಸಿದಳು. ಮಾಮ ಒಮ್ಮೆ ಅವಳನ್ನು, ಒಮ್ಮೆ ಯಜಮಾನ್ತಿಯನ್ನು ನೋಡಿದರು. "ನಿನಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳೋಕೆ ಬರಲ್ಲ ಪುಟ್ಟಿ," ಎಂದು ಹಾಳೆಗಳನ್ನು ಎಳೆದುಕೊಂಡು, ಕನ್ನಡಕ ಏರಿಸಿ, ಪೆನ್ಸಿಲ್ ಗುರುತುಗಳನ್ನು ಎಣಿಸಿದರು. ಆಮೇಲೆ ಕಪಾಟಿನಿಂದ ಅಸಲು ಪುಸ್ತಕ ತೆಗೆದರು. ಅಲ್ಲೂ ಮೂವತ್ತಾರೇ ಇತ್ತು, ಅವರದೇ ದುಂಡು ಅಕ್ಷರದಲ್ಲಿ. ಅವರ ಬೆರಳು ಅಲ್ಲಿಂದ ಕದಲಲಿಲ್ಲ.

"ಇದು ನಾನು ಬೇಕಂತ ಮಾಡಿದ್ದಲ್ಲ," ಎಂದರು.

"ಬಿಡಿ ಮಾಮ, ಯಾರ ಕೈಯಲ್ಲಾದ್ರೂ ಆಗೋದೇ..." ಎಂದು ಯಜಮಾನ್ತಿ ಪುಸ್ತಕ ಮುಚ್ಚಲು ಹೋದಳು. ಮಾಮ ಕೈಯೆತ್ತಿ ಅವಳನ್ನು ತಡೆದರು. ಮೂವತ್ತೊಂದು ವರ್ಷ ತಾವು ಕೂತ ಕುರ್ಚಿಯನ್ನು ಹುಡುಗಿಯ ಕಡೆಗೆ ಸರಿಸಿದರು.

"ಕೂತ್ಕೋ ತಾಯಿ. ಕೆಲಸ ನಿನ್ನದೇ, ಇವತ್ತೇ ಶುರುಮಾಡು. ಅದರ ಹಿಂದಿನ ವರ್ಷದ ಪುಸ್ತಕಾನೂ ಇಳಿಸು. ಅದಕ್ಕೂ ಹಿಂದಿನದನ್ನೂ." ಅವರ ದನಿ ತೀರಾ ತಗ್ಗಿತು. "ಇದು ಯಾವತ್ತಿನಿಂದ ಶುರುವಾಗಿದೆ ಅಂತ ನನಗೆ ಗೊತ್ತಾಗಬೇಕು."