ಬೆಚ್ಚಗಾದ ತಣ್ಣನೆ ಕೋಣೆ

ನೆಲಮಾಳಿಗೆಯ ಮೂಲೆಯಲ್ಲಿ, ತರಕಾರಿ ಕೆಡದಂತೆ ಇಡಲೆಂದಿದ್ದ ತಣ್ಣನೆ ಕೋಣೆಯ ಬಾಗಿಲು ತೆರೆದವಳೇ ಪರಾಸ್ಕಾ ಏಪ್ರನ್ನಿನಿಂದ ಮೂಗು ಮುಚ್ಚಿಕೊಂಡಳು. "ಒಸ್ತಾಪ್! ಲೋ ಒಸ್ತಾಪ್! ಬಾರೋ ಇಲ್ಲಿ, ನಿನ್ನ ಘನಕಾರ್ಯ ನೋಡು ಬಾ!"

ಮೇಲೆ ಅಡುಗೆಮನೆಯಲ್ಲಿ, ಹಳೆಯ ಪಂಚಾಂಗದಂತೆ ಜನವರಿಯಲ್ಲಿ ಬರುವ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಹನ್ನೆರಡು ಬಗೆಯ ಊಟಕ್ಕೆಂದು ಹಿಟ್ಟು ನಾದುತ್ತಿದ್ದ ಸೊಸೆ ಲೆಸ್ಯಾಳ ಎದೆ ಧಸಕ್ಕೆಂದಿತು. ಮಗ ಒಸ್ತಾಪ್ ಮಾತ್ರ ಹಿಗ್ಗಿಕೊಂಡೇ ಮೆಟ್ಟಿಲಿಳಿದ. ಹೊರಗೆ ವಿನ್ನಿಪೆಗ್ಗಿನ ಜನವರಿ. ಒಗೆದ ಬಟ್ಟೆ ತಂತಿಯ ಮೇಲೆ ಹಲಗೆಯಾಗಿಬಿಡುವ ಚಳಿ. ಈ ಮಹಾರಾಯ ಮನೆಯೊಳಗೆ ಬನಿಯನ್ನಿನಲ್ಲಿ, ಬರಿಗಾಲಲ್ಲಿ ಓಡಾಡುತ್ತಿದ್ದ. ಬಂದವರನ್ನೆಲ್ಲ ಕೆಳಗೆ ಎಳೆದುಕೊಂಡು ಹೋಗಿ "ಗೋಡೆ ಮುಟ್ಟಿ ನೋಡಿ, ಮುಟ್ಟಿ" ಎಂದು ಪೀಡಿಸುವುದು, ಮನೆ ಕಾಯಿಸುವ ಗ್ಯಾಸಿನ ಬಿಲ್ಲು ಅರ್ಧಕ್ಕಿಳಿದದ್ದನ್ನು ಹೇಳಿ ಮೀಸೆ ತಿರುವುವುದು, ಇದೇ ಅವನಿಗೆ ಕೆಲಸವಾಗಿತ್ತು.

ಆದರೆ ಅವನು ಇಷ್ಟೆಲ್ಲ ಮಾಡಿದ್ದು ಬಿಲ್ಲಿಗಾಗಿ ಅಲ್ಲ, ಅಮ್ಮನಿಗಾಗಿ. ಹೋದ ವರ್ಷ ಹಬ್ಬಕ್ಕೆ ಬಂದವಳು ಈ ನೆಲಮಾಳಿಗೆಯ ಮಂಚದಲ್ಲಿ ಕೋಟು ಹಾಕಿಕೊಂಡೇ ಮಲಗಿ, "ಈ ಐಸ್ ಪೆಟ್ಟಿಗೇಲಿ ನಾನಿರಲ್ಲ ಕಣಪ್ಪಾ" ಎಂದು ಹಬ್ಬದ ಮರುದಿನವೇ ತನ್ನೂರು ಡಾಫಿನ್ನಿನ ಬಸ್ಸು ಹತ್ತಿದ್ದಳು. ಅಲ್ಲಿ ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ, ಪಕ್ಕದ ಮನೆಯವರು ನೋಡುವವರೆಗೂ ಹಿಮದಲ್ಲೇ ಬಿದ್ದಿದ್ದಳು. ಅಂದಿನಿಂದ ಒಸ್ತಾಪ್‌ಗೆ ಒಂದೇ ಹಟ: ಚಳಿಗಾಲ ಮುಗಿಯುವ ತನಕವಾದರೂ ಅಮ್ಮ ಇಲ್ಲಿರಬೇಕು. ಬೇಸಿಗೆಯಿಡೀ ನೆಲಮಾಳಿಗೆಯ ಗೋಡೆಗೋಡೆಗೂ ಚಳಿ ತಡೆಯುವ ಫೋಮಿನ ಹಲಗೆ ಅಂಟಿಸಿದ, ಗಾಳಿ ನುಸುಳುವ ಸಂದುಗೊಂದುಗಳನ್ನೆಲ್ಲ ಮುಚ್ಚಿದ. ಈ ಸಲ ಅಮ್ಮ ಕೋಟು ಬಿಚ್ಚಿಟ್ಟು ಮಲಗಿ ಗೊರಕೆ ಹೊಡೆದಳು, ನಿಜ. ಆದರೂ "ಇಲ್ಲೇ ಇದ್ದುಬಿಡಮ್ಮಾ" ಎಂದರೆ, "ನಿಮ್ಮನೇಲಿ ಕೈ ಕಟ್ಕೊಂಡು ಕೂತು ಏನು ಮಾಡ್ಲಿ?" ಎಂದು ಹಬ್ಬದ ಮರುದಿನದ ಟಿಕೆಟ್ಟನ್ನೇ ತೋರಿಸಿದ್ದಳು.

"ಇಲ್ಲೂ ಮುಟ್ಟಿ ನೋಡಮ್ಮಾ, ಎಷ್ಟು ಬೆಚ್ಚಗಿದೆ!" ಎನ್ನುತ್ತಲೇ ಒಸ್ತಾಪ್ ಕೋಣೆಯೊಳಗೆ ಕಾಲಿಟ್ಟ.

"ಅದೇ ಕಣೋ ಕರ್ಮ! ತಣ್ಣನೆ ಕೋಣೆ ಬೆಚ್ಚಗಿದೆ ಅಂತ ಹಲ್ಲು ಬೇರೆ ಕಿರೀತಿದ್ದೀಯಲ್ಲ!"

ಬೀಟ್‌ರೂಟುಗಳು ಮುದುಡಿಕೊಂಡು ಬಿದ್ದಿದ್ದವು. ದೊಡ್ಡ ಜಾಡಿಯಲ್ಲಿದ್ದ ಹುಳಿ ಎಲೆಕೋಸು ಉಕ್ಕಿ ನೆಲಕ್ಕೆಲ್ಲ ಹರಿದಿತ್ತು. ಅಕ್ಟೋಬರಿನಲ್ಲಿ ಪರಾಸ್ಕಾ ತನ್ನ ಊರಿನಲ್ಲಿ ತಾನೇ ಹೆಚ್ಚಿ, ಉಪ್ಪು ಬೆರೆಸಿ, ಹುಳಿ ಬರಿಸಿ, ಹಬ್ಬಕ್ಕೆಂದು ಮಗನ ಗಾಡಿಗೆ ಹೇರಿಸಿದ್ದ ಎಲೆಕೋಸು ಅದು. ಆ ಕೋಣೆಯ ಹೊರಗೋಡೆ ಬೋಳಾಗಿಯೇ ಇರಬೇಕು, ಚಳಿ ಬರುವುದೇ ಅಲ್ಲಿಂದ. ಫೋಮ್ ಹಾಕುವುದಿದ್ದರೆ ಮನೆಯ ಕಡೆಯ ಗೋಡೆಗೆ. ಆ ಬೀದಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಒಸ್ತಾಪ್‌ಗೂ ಗೊತ್ತಿತ್ತು. ಆದರೆ ಕೆಲಸದ ಹುರುಪಿನಲ್ಲಿ ಅವನು ಯಾವ ಗೋಡೆಯನ್ನೂ ಬಿಟ್ಟಿರಲಿಲ್ಲ.

ಹಬ್ಬದ ಹಿಂದಿನ ದಿನ ಮೊದಲ ನಕ್ಷತ್ರ ಕಾಣುವವರೆಗೆ ಉಪವಾಸ, ರುಚಿ ನೋಡುವಂತಿಲ್ಲ. ಪರಾಸ್ಕಾ ಬಗ್ಗಿ ಮೂಸಿದಳು. "ಕೊಳೆತು ನಾರ್ತಾ ಇದೆ. ಹಂದಿಗೂ ಹಾಕೋ ಹಾಗಿಲ್ಲ."

"ನಾನು ಹೋದ ವಾರಾನೇ ನೋಡ್ದೆ ಅತ್ತೆ," ಹಿಟ್ಟಿನ ಕೈಯಲ್ಲೇ ಇಳಿದು ಬಂದ ಲೆಸ್ಯಾ ಮೆಲ್ಲಗೆ ಬಾಯಿಬಿಟ್ಟಳು. "ಹೇಳೋಕೆ ಧೈರ್ಯ ಬರ್ಲಿಲ್ಲ."

"ನನಗಾದ್ರೂ ಹೇಳಬಾರದಿತ್ತಾ?" ಎಂದ ಒಸ್ತಾಪ್.

"ನಿನಗೆ ಹೇಳಿದ್ರೆ ಕೇಳ್ತಿದ್ಯಾ? ಗೋಡೆ ಮುಟ್ಟಿ ನೋಡು ಅಂತಿದ್ದೆ!"

ಒಸ್ತಾಪ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಅಮ್ಮನ ಎಲೆಕೋಸು ಹಾಳು ಮಾಡಿದ ಮೇಲೆ ಅಮ್ಮ ಇಲ್ಲಿ ಉಳಿಯುವುದುಂಟೇ? ಬೇಸಿಗೆಯ ದುಡಿಮೆಯೆಲ್ಲ ಮಣ್ಣುಪಾಲಾಯಿತೆಂದು ಅವನಿಗೆ ಅಳುವೇ ಬಂತು. ದಡಬಡನೆ ಹೋಗಿ ಹಾರೆ ತಂದ. "ಈ ಫೋಮ್ ಈಗಲೇ ಕಿತ್ತು ಬಿಸಾಕ್ತೀನಮ್ಮಾ. ನಾಳೆ ಅನ್ನೋದ್ರೊಳಗೆ ಕೋಣೆ ತಣ್ಣಗಾಗುತ್ತೆ."

"ಇಡೋ ಅದನ್ನ ಕೆಳಗೆ!"

ಪರಾಸ್ಕಾ ಗೋಡೆಯ ಮೇಲೆ ಅಂಗೈ ಒತ್ತಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಮನೇಲಿ ಎಲೆಕೋಸು ಎಷ್ಟಿದೆಯಮ್ಮಾ?" ಎಂದು ಕೇಳಿದಳು.

"ಎರಡಿರಬೇಕು ಅತ್ತೆ."

"ಎರಡು ಯಾವ ಮೂಲೆಗೆ? ಹಬ್ಬ ಕಳೀತಿದ್ದ ಹಾಗೇ ಒಂದು ಮೂಟೆ ತರ್ಸು. ಈ ಜಾಡೀನ ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿಸು. ಇವನ ಕೈಲೇ ಉಜ್ಜಿಸು."

"ಇಷ್ಟು ಬೆಚ್ಚಗಿರೋ ಕೋಣೇಲಿ ಮತ್ತೆ ಎಲೆಕೋಸಾ ಅತ್ತೆ?"

"ಹುಳಿ ಬರೋ ತನಕ ಅದಕ್ಕೂ ಬೆಚ್ಚಗೇ ಬೇಕು ಕಣೇ. ದಿನಾ ಒತ್ತಬೇಕು, ನೊರೆ ತೆಗೀಬೇಕು, ಮೂಸಿ ನೋಡ್ಬೇಕು. ನಿಮ್ಮಿಬ್ಬರ ಕೈಗೆ ಬಿಟ್ಟು ಹೋದ್ರೆ ಮತ್ತೆ ಇದೇ ಗತಿ."

"ಮತ್ತೆ... ನಿನ್ನ ಬಸ್ಸು?" ಹಾರೆ ಕೆಳಗಿಡುತ್ತ ಒಸ್ತಾಪ್ ಕೇಳಿದ.

"ಬಸ್ಸು ಅದರ ಪಾಡಿಗೆ ಅದು ಹೋಗುತ್ತೆ. ನಾನು ಹತ್ತದಿದ್ರೆ ಅದೇನು ನಿಂತುಬಿಡುತ್ತಾ?"

ಒಸ್ತಾಪ್‌ಗೆ ಕುಣಿದಾಡುವಷ್ಟು ಸಂತೋಷವಾಯಿತು. ಅಷ್ಟಕ್ಕೇ ಸುಮ್ಮನಿದ್ದರೆ ಅವನು ಒಸ್ತಾಪ್ ಹೇಗಾದಾನು! "ಆದ್ರೆ ಅಮ್ಮಾ, ಹುಳಿ ಬಂದ್ಮೇಲೆ ಎಲೆಕೋಸಿಗೆ ಚಳಿ ಬೇಕಲ್ವಾ? ಈ ಫೋಮ್ ಯಾವಾಗ ಕೀಳ್ಲಿ ಹೇಳು."

ಪರಾಸ್ಕಾ ಹೊರಗೋಡೆಗೆ ಬೆನ್ನು ಕೊಟ್ಟು ಆರಾಮಾಗಿ ಒರಗಿದಳು. "ಹಿಮ ಎಲ್ಲ ಕರಗ್ಲಿ. ಆಮೇಲೆ ಕೀಳುವೆಯಂತೆ."

ಹಿಮವೆಲ್ಲ ಕರಗಿದ ಮೇಲೆ ಕೋಣೆಗೆ ಚಳಿ ಎಲ್ಲಿಂದ ತರುವುದು ಎಂದು ಕೇಳಲು ಒಸ್ತಾಪ್ ಬಾಯಿ ತೆರೆದ. ಲೆಸ್ಯಾ ಹಿಟ್ಟಿನ ಕೈಯಲ್ಲೇ ಅವನ ತೋಳನ್ನು ಬಲವಾಗಿ ಚಿವುಟಿದಳು.