ಹತ್ತಕ್ಕೆ ಎಂಟು

"ಮೇಡಂ, ನೀವು ಗುರುತು ಹಾಕಿದ್ದ ತಪ್ಪೆಲ್ಲ ಸರಿಮಾಡಿದೀನಿ. ಈಗ ಇದನ್ನ ಪ್ರಿನ್ಸಿಪಾಲರಿಗೆ ಕೊಡಬಹುದಾ?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದವಳು ದರ್ಜಿಯ ಮಗಳು. ವಿಜ್ಞಾನದ ಎರಡನೇ ವರ್ಷ. ಹಾಜರಿ ಕರೆದಾಗಲೂ ಅವಳ ದನಿ ಮುಂದಿನ ಬೆಂಚು ದಾಟುತ್ತಿರಲಿಲ್ಲ. ಕೈಯಲ್ಲಿ ಎರಡು ಹಾಳೆ. ಒಂದು, ಮೊನ್ನೆ ಇಂಗ್ಲಿಷ್ ಮತ್ತು ಜೀವನ ಕೌಶಲದ ತರಗತಿಯಲ್ಲಿ ದೂರು ಬರೆಯುವ ಅಭ್ಯಾಸಕ್ಕೆಂದು ಇಂಗ್ಲಿಷಿನಲ್ಲಿ ಬರೆದ ಪತ್ರ. ಇನ್ನೊಂದು ಅದರ ಶುದ್ಧಪ್ರತಿ.

ಅಭ್ಯಾಸದ ಪತ್ರ ಪ್ರಿನ್ಸಿಪಾಲರಿಗೇಕೆ ಎಂದು ನಗುತ್ತಲೇ ಮೇಡಂ ಹಾಳೆ ತೆಗೆದುಕೊಂಡರು. ಕೆಂಪು ಪೆನ್ನು ಖಾಲಿಯಾದರೂ ಮೇಡಂಗೆ ತಿದ್ದುವ ಚಪಲ ಖಾಲಿಯಾಗುವುದಿಲ್ಲ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅರವತ್ತು ಪತ್ರಗಳನ್ನು ಒಂದೇ ಸಂಜೆ, ಒಲೆಯ ಮೇಲೊಂದು ಕಣ್ಣಿಟ್ಟು ಮುಗಿಸಿದ್ದರು. ಬಸ್ಸು ತಡ, ನಲ್ಲಿಯಲ್ಲಿ ನೀರಿಲ್ಲ, ಬೀದಿದೀಪ ಉರಿಯುತ್ತಿಲ್ಲ. ಎಲ್ಲರದೂ ಅದೇ ರಾಗ, ಅದೇ ಹಾಡು. ಇವಳದು ಲ್ಯಾಬಿನ ಬಗ್ಗೆ ಏನೋ ಇತ್ತೆಂದು ಮಸುಕಾಗಿ ನೆನಪು. ಹತ್ತಕ್ಕೆ ಎಂಟು ಕೊಟ್ಟು, ಕೆಳಗೆ 'ಚೆನ್ನಾಗಿದೆ' ಎಂದೂ ಬರೆದಿದ್ದರು.

ಈಗ ಓದಿದರು. ಲ್ಯಾಬಿನ ಉಸ್ತುವಾರಿ ಸರ್ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವ ನೆಪದಲ್ಲಿ ತನ್ನೊಬ್ಬಳನ್ನೇ ಉಳಿಸಿಕೊಂಡರು. ಬಾಗಿಲು ಹಾಕಿದರು. ಹೆಗಲ ಮೇಲೆ ಕೈ ಇಟ್ಟರು. ಕೈ ಸರಿಸಿದ್ದಕ್ಕೆ ಸಹಿ ಹಾಕಲಿಲ್ಲ. ಮೇಡಂ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಒಂದೇ ಅನುಮಾನ ಮೇಡಂ," ಹುಡುಗಿ ಬೆರಳಿಟ್ಟು ತೋರಿಸಿದಳು. "ನಾನು 'ಕ್ಲೋಸಸ್', 'ಕೀಪ್ಸ್' ಅಂತ ಬರೆದಿದ್ದೆ. ನೀವು 'ಕ್ಲೋಸ್ಡ್', 'ಕೆಪ್ಟ್' ಅಂತ ತಿದ್ದಿದ್ರಿ. ಮುಗಿದ ವಿಷಯಕ್ಕೆ ತಾನೇ ಭೂತಕಾಲ?"

"ಹೌದು."

"ಇದು ಮುಗಿದಿಲ್ಲ. ನಾನು ಲ್ಯಾಬಿಗೆ ಹೋದ ಪ್ರತಿ ಗುರುವಾರ ನಡೆಯುತ್ತೆ. ಇವತ್ತೂ ಮೂರು ಗಂಟೆಗೆ ಲ್ಯಾಬಿದೆ."

ಗೋಡೆ ಗಡಿಯಾರ ಎರಡೂ ಇಪ್ಪತ್ತು ತೋರಿಸುತ್ತಿತ್ತು. ಮೇಡಂ ಎದ್ದರು, ಕೂತರು, ಮತ್ತೆ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಬಾಟಲಿ ಎತ್ತಿದರೆ ನೀರಿರಲಿಲ್ಲ. ಉಸ್ತುವಾರಿ ಸರ್ ಪ್ರಿನ್ಸಿಪಾಲರ ಬಾಮೈದ. ಅದು ಇಡೀ ಕಾಲೇಜಿಗೆ ಗೊತ್ತಿದ್ದ ಗುಟ್ಟು. ಮೇಡಂ ಅವರದು ವರ್ಷವರ್ಷವೂ ಹೊಸದಾಗಿ ಬರೆಯಬೇಕಾದ ಗುತ್ತಿಗೆ. ಈ ವರ್ಷದ್ದು ಮುಗಿಯಲು ಹದಿನೈದು ದಿನವಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

"ಮನೇಲಿ ಹೇಳಿದೀಯಾ?"

"ಅಮ್ಮನಿಗೆ ಹೇಳಿದ್ರೆ ಕಾಲೇಜೇ ಬಿಡಿಸಿಬಿಡ್ತಾರೆ. ಅದಕ್ಕೇ ಮೊದಲು ನಿಮಗೆ ತಿಳೀಲಿ ಅಂತ ಬರೆದೆ. ನೀವು ಎಂಟು ಅಂಕ ಕೊಟ್ರಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಮೇಡಂಗೆ ಇಷ್ಟು ಚುಚ್ಚುತ್ತಿರಲಿಲ್ಲ.

"ಇವತ್ತು ಲ್ಯಾಬಿಗೆ ಹೋಗಬೇಡ. ತಲೆನೋವು ಅಂತ ಹೇಳು. ನಾನು ಯೋಚನೆ ಮಾಡ್ತೀನಿ."

"ಹೋದ ಗುರುವಾರ ಹೊಟ್ಟೆನೋವು ಅಂದಿದ್ದೆ ಮೇಡಂ. ಅದರ ಹಿಂದಿನ ವಾರ ಜ್ವರ. ಎಷ್ಟು ಕಾಯಿಲೆ ಅಂತ ಹುಡುಕಲಿ?"

ಮೇಡಂ ಇನ್ನೆರಡು ಸಲ ಕಿಟಕಿಗೆ ಹೋಗಿ ಬಂದರು. ಆಮೇಲೆ ಪೆನ್ನು ತೆಗೆದು, ಶುದ್ಧಪ್ರತಿಯಲ್ಲಿ ಒಂದೊಂದೇ ಕ್ರಿಯಾಪದ ಹೊಡೆದುಹಾಕಿ, ಅವಳು ಮೊದಲು ಬರೆದದ್ದನ್ನೇ ಮೇಲೆ ಬರೆದರು. "ಕೂತು ಇನ್ನೊಂದು ಸಲ ಬರಿ. ಬೇಗ," ಎಂದರು. ಅವಳು ಬರೆದು ಮುಗಿಸುವಷ್ಟರಲ್ಲಿ ಮೂರಕ್ಕೆ ಎಂಟು ನಿಮಿಷವಿತ್ತು.

ಪ್ರಿನ್ಸಿಪಾಲರು ಇಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿಕೊಂಡೇ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಒಂದು ತಪ್ಪೂ ಇಲ್ಲದ ಇಂಗ್ಲಿಷ್. ಇದು ಈ ಹುಡುಗಿ ಬರೆದದ್ದಲ್ಲ ಮೇಡಂ. ಯಾರು ಬರೆಸಿದ್ದು?"

"ಬರೆದದ್ದು ಅವಳೇ ಸರ್. ತಿದ್ದಿದ್ದು ನಾನು. ತಿದ್ದುವಾಗ ಅಕ್ಷರ ನೋಡಿದೆ, ಅವಳು ಏನು ಹೇಳ್ತಿದಾಳೆ ಅಂತ ನೋಡಲಿಲ್ಲ."

"ನಿಮ್ಮ ಗುತ್ತಿಗೆಯ ಫೈಲು ನನ್ನ ಮೇಜಿನ ಮೇಲೇ ಇದೆ. ಗೊತ್ತಲ್ಲ?"

"ಗೊತ್ತು ಸರ್." ಮೇಡಂ ಮೇಜಿನ ಅಂಚು ಹಿಡಿದುಕೊಂಡರು. "ಪತ್ರ ತಲುಪಿತು ಅಂತ ಒಂದು ಸಹಿ ಹಾಕಿ, ತಾರೀಕು ಬರೆದುಕೊಡಿ. ಒಂದು ಪ್ರತಿ ವಿಶ್ವವಿದ್ಯಾಲಯಕ್ಕೂ ಹೋಗುತ್ತೆ." ಇಷ್ಟನ್ನು ಹೇಳಿದ್ದು ತಾನೇ ಎಂದು ನಂಬಲು ಅವರಿಗೆ ಒಂದು ಗಳಿಗೆ ಬೇಕಾಯಿತು.

ಹೊರಗೆ ಮೂರರ ಗಂಟೆ ಬಾರಿಸಿತು. ಪ್ರಿನ್ಸಿಪಾಲರು ಹುಡುಗಿಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ನೀನು ಹೋಗಮ್ಮ. ಇಂಥದ್ದನ್ನ ನಾವು ದೊಡ್ಡವರು ಮಾತಾಡ್ಕೊಳ್ತೀವಿ."

ಹುಡುಗಿ ಬಾಗಿಲ ಕಡೆ ನೋಡಿದಳು.

"ಅದು ನನ್ನ ಪತ್ರ ಸರ್. ಮಾತಾಡುವಾಗ ನಾನೂ ಇರ್ತೀನಿ."

ಆ ಕೋಣೆಯಲ್ಲಿ ವಿದ್ಯಾರ್ಥಿಗಳು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಎದುರಿನ ಕುರ್ಚಿಯನ್ನು ಕರ್ರೆಂದು ಎಳೆದುಕೊಂಡು ಕೂತಳು. ಆರು ವರ್ಷದಿಂದ ಅದೇ ಮೇಜಿನ ಮುಂದೆ ನಿಂತೇ ಮಾತಾಡಿದ್ದ ಮೇಡಂ ಒಮ್ಮೆ ಅವಳನ್ನು ನೋಡಿ, ಪಕ್ಕದ ಕುರ್ಚಿಗೆ ಕೈ ಹಾಕಿದರು.